ಜಡೆ ಹೆಣೆಯಲು ಕಲಿಯುವವರು ಏನನ್ನು, ಯಾವ ಕ್ರಮದಲ್ಲಿ ಕೊಳ್ಳಬೇಕು: ಬಾಚಣಿಗೆಯಿಂದ ಚೌರಿಯವರೆಗೆ

ಶಾಲೆಗೆ ಹೋಗುವ ಮಗಳಿಗೆ ಎರಡು ಜಡೆ ಹಾಕಲು ಕಲಿಯುತ್ತಿರುವ ಅಪ್ಪನಿಗೂ, ಭರತನಾಟ್ಯದ ರಂಗಪ್ರವೇಶಕ್ಕೆ ಸಿದ್ಧವಾಗುತ್ತಿರುವ ಹುಡುಗಿಗೂ, ಮದುಮಗಳ ಅಲಂಕಾರದ ಕೆಲಸಕ್ಕೆ ಹೊಸದಾಗಿ ಕೈಹಾಕಿದವರಿಗೂ ಬೇಕಾಗುವ ಸಾಮಗ್ರಿ ಒಂದೇ ಅಲ್ಲ. ಆದರೆ ಫ್ಯಾನ್ಸಿ ಸ್ಟೋರಿನಲ್ಲಾಗಲಿ, ಆನ್‌ಲೈನ್ ಅಂಗಡಿಯಲ್ಲಾಗಲಿ ಈ ಮೂವರ ಮುಂದೆಯೂ ಇಡುವುದು ಅದೇ ‘ಹೇರ್ ಸ್ಟೈಲಿಂಗ್ ಕಿಟ್’: ಹತ್ತಾರು ಕ್ಲಿಪ್ಪು, ಪ್ಲಾಸ್ಟಿಕ್ ಕುಣಿಕೆ, ಸ್ಪಂಜಿನ ಉಂಗುರಗಳನ್ನು ತುಂಬಿದ ಒಂದು ಪೊಟ್ಟಣ. ಅದರಲ್ಲಿ ದಿನಾ ಕೈಗೆ ಬರುವುದು ಎರಡೋ ಮೂರೋ ವಸ್ತು ಮಾತ್ರ.

ಜಡೆ ಅಚ್ಚುಕಟ್ಟಾಗುವುದು ಎಳೆಗಳನ್ನು ಸಮವಾಗಿ ಪಾಲು ಮಾಡುವುದರಿಂದ ಮತ್ತು ಬುಡದಿಂದ ತುದಿಯವರೆಗೆ ಒಂದೇ ಬಿಗಿಯನ್ನು ಕಾಯ್ದುಕೊಳ್ಳುವುದರಿಂದ. ಯಾವ ಜೆಲ್ಲಿಗೂ ಯಾವ ಸ್ಪ್ರೇಗೂ ಈ ಎರಡನ್ನು ಮಾಡಿಕೊಡುವ ಶಕ್ತಿಯಿಲ್ಲ. ಆದ್ದರಿಂದ ಬಾಚಣಿಗೆ ಮತ್ತು ಬ್ಯಾಂಡುಗಳನ್ನು ಮೊದಲು ಕೊಂಡು, ಎಣ್ಣೆ, ಜೆಲ್ಲುಗಳನ್ನು ಕೂದಲಿನ ಸ್ವಭಾವ ತಿಳಿದ ಮೇಲೆ ಆರಿಸಿ, ಚೌರಿ (ಜಡೆಗೆ ಸೇರಿಸಿ ಹೆಣೆಯುವ ಹೊರಗಿನ ಕೂದಲು), ಜಡೆಬಿಲ್ಲೆಗಳಿಗೆ ಕೈ ಪಳಗಿದ ನಂತರವೇ ಹಣ ಹಾಕುವುದು ಒಳ್ಳೆಯ ಕ್ರಮ. ಈ ಮಾರ್ಗದರ್ಶಿಯೂ ಅದೇ ಕ್ರಮದಲ್ಲಿದೆ.

ಹೆಜ್ಜೆ 1: ಅಂಗಡಿಗೆ ಹೋಗುವ ಮೊದಲು ಕೂದಲನ್ನು ನೋಡಿ

ಯಾರ ತಲೆಗೆ ಜಡೆ ಹಾಕಬೇಕೋ ಅವರ ಕೂದಲನ್ನು ಒಣಗಿರುವಾಗ, ಎಣ್ಣೆ ಹಚ್ಚದೆ, ಸಿಕ್ಕು ಬಿಡಿಸಿ ನೋಡಬೇಕು. ಒಂದು ಕೂದಲೆಳೆಯನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿದು ಹೊಸೆದಾಗ ಇರುವುದೇ ಗೊತ್ತಾಗದಿದ್ದರೆ ಅದು ನವಿರು ಕೂದಲು. ದಾರದಂತೆ ಸ್ಪಷ್ಟವಾಗಿ ತಾಗಿದರೆ ಒರಟು ಕೂದಲು. ನವಿರು ಕೂದಲು ಬೇಗ ಜಾರುತ್ತದೆ, ಬ್ಯಾಂಡು ನಿಲ್ಲುವುದಿಲ್ಲ, ಹೆಚ್ಚು ಎಣ್ಣೆ ಬಿದ್ದರೆ ತಲೆಗೆ ಅಂಟಿಕೊಳ್ಳುತ್ತದೆ. ಒರಟು ಅಥವಾ ಗುಂಗುರು ಕೂದಲು ಹಿಡಿತಕ್ಕೆ ಚೆನ್ನಾಗಿ ಸಿಗುತ್ತದೆಯಾದರೂ ಬಾಚುವಾಗ ತುಂಡಾಗುವ ಅಪಾಯ ಜಾಸ್ತಿ.

ಆಮೇಲೆ ನೆತ್ತಿಯನ್ನು ನೋಡಬೇಕು. ಹೊಟ್ಟು, ಗಾಯ, ಹೇನು ಇದ್ದರೆ ಅದಕ್ಕೆ ಮದ್ದು ಮೊದಲು, ಜಡೆ ಆಮೇಲೆ. ಹಣೆಯ ಅಂಚಿನಲ್ಲಿ, ಕಿವಿಯ ಮೇಲ್ಭಾಗದಲ್ಲಿ ಕೂದಲು ತೆಳುವಾಗುತ್ತ ಬಂದಿದ್ದರೆ ಅದನ್ನು ಲಘುವಾಗಿ ತೆಗೆದುಕೊಳ್ಳಬಾರದು. ಬಹುಕಾಲ ಬಿಗಿಯಾಗಿ ಎಳೆದು ಕಟ್ಟುವುದರಿಂದ ಕೂದಲು ಉದುರುವುದನ್ನು ಚರ್ಮವೈದ್ಯರು ಟ್ರಾಕ್ಷನ್ ಅಲೊಪೀಷಿಯಾ ಎನ್ನುತ್ತಾರೆ. ಆರಂಭದಲ್ಲೇ ಎಳೆತ ನಿಲ್ಲಿಸಿದರೆ ಕೂದಲು ಮತ್ತೆ ಬರುತ್ತದೆ. ವರ್ಷಗಟ್ಟಲೆ ಮುಂದುವರಿದರೆ ಬುಡವೇ ಹಾಳಾಗಿ ಆ ಜಾಗ ಬೋಳಾಗಿಯೇ ಉಳಿಯಬಹುದು. ಇಂಥ ತಲೆಗೆ ತೂಕದ ಚೌರಿಯ ಯೋಚನೆಯನ್ನೇ ಬಿಡಬೇಕು.

ಕೂದಲು ಸಾಮಾನ್ಯವಾಗಿ ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಮುಂದಿನ ವರ್ಷದ ಕಾರ್ಯಕ್ರಮಕ್ಕೆ ಈಗಲೇ ಚೌರಿ ಕೊಳ್ಳುವವರು ಈ ಲೆಕ್ಕ ಇಟ್ಟುಕೊಂಡರೆ ಉದ್ದವನ್ನು ಸರಿಯಾಗಿ ಆರಿಸಬಹುದು.

ಹೆಜ್ಜೆ 2: ಎರಡು ಬಾಚಣಿಗೆ

ಮೊದಲನೆಯದು ಸಿಕ್ಕು ಬಿಡಿಸುವ ಅಗಲ ಹಲ್ಲಿನ ಬಾಚಣಿಗೆ, ಎರಡನೆಯದು ಬೈತಲೆ ತೆಗೆಯಲು ಚೂಪು ಬಾಲವಿರುವ ಬಾಚಣಿಗೆ. ಕಲಿಯುವವರಿಗೆ ಇವೆರಡೇ ಸಾಕು. ಸೀರಣಿಗೆ ಹೇನು ತೆಗೆಯುವುದಕ್ಕೆ ಮಾತ್ರ. ಅದರಿಂದ ತಲೆ ನಯವಾಗಿ ಕೂರುತ್ತದೆಂದು ಜಡೆಗೆ ಮುನ್ನ ಎಳೆದೆಳೆದು ಬಾಚುವ ರೂಢಿ ಕೆಲವು ಮನೆಗಳಲ್ಲಿದೆ, ಅದು ಕೂದಲನ್ನು ತುಂಡರಿಸುತ್ತದೆ.

ಪ್ಲಾಸ್ಟಿಕ್ ಬಾಚಣಿಗೆಯನ್ನು ಅಚ್ಚಿನಲ್ಲಿ ಎರಕ ಹೊಯ್ಯುವಾಗ ಹಲ್ಲುಗಳ ಬದಿಯಲ್ಲಿ ಕೂದಲೆಳೆಯಷ್ಟು ಸಣ್ಣ ಏಣು ಉಳಿಯುತ್ತದೆ. ಕಣ್ಣಿಗೆ ಅದು ಕಾಣುವುದು ಕಷ್ಟ. ಅಂಗಡಿಯಲ್ಲೇ ಪರೀಕ್ಷಿಸಲು ಸುಲಭದ ಉಪಾಯವಿದೆ: ಹಾಕಿಕೊಂಡಿರುವ ಶಿಫಾನ್ ದುಪಟ್ಟಾ ಅಥವಾ ಸೀರೆಯ ಸೆರಗಿನ ಅಂಚನ್ನು ಬಿಗಿಯಾಗಿ ಹಿಡಿದು, ಅದರ ಮೇಲೆ ಬಾಚಣಿಗೆಯನ್ನು ಹಗುರವಾಗಿ ಎಳೆಯಿರಿ. ನೂಲು ಸಿಕ್ಕಿಕೊಂಡರೆ ಆ ಬಾಚಣಿಗೆ ಕೂದಲನ್ನೂ ಹಾಗೆಯೇ ಹರಿಯುತ್ತದೆ. ಬೇವು, ಬೀಟೆಯಂಥ ಮರದ ಬಾಚಣಿಗೆಗಳಲ್ಲಿ ಈ ಏಣು ಇರುವುದಿಲ್ಲ, ಆದರೆ ಹಲ್ಲುಗಳ ಸಂದಿಯನ್ನು ಉಜ್ಜಿ ನಯಗೊಳಿಸದೆ ಮಾರುವವರೂ ಇದ್ದಾರೆ; ಅದನ್ನೂ ಇದೇ ರೀತಿ ನೋಡಬೇಕು. ಮರದ್ದನ್ನು ನೀರಿನಲ್ಲಿ ನೆನೆಹಾಕಬಾರದು, ಸೀಳು ಬಿಡುತ್ತದೆ.

ಬಾಲದ ಬಾಚಣಿಗೆಯಲ್ಲಿ ಲೋಹದ ಬಾಲವಿರುವುದು ಬೈತಲೆಯನ್ನು ಗೆರೆ ಎಳೆದಂತೆ ತೆಗೆಯುತ್ತದೆ. ಆದರೆ ಮಗು ತಲೆ ಅಲ್ಲಾಡಿಸುತ್ತದೆ, ಕೈ ಇನ್ನೂ ಪಳಗಿಲ್ಲ. ಆದ್ದರಿಂದ ಮೊದಲಿಗೆ ದುಂಡು ತುದಿಯ ಪ್ಲಾಸ್ಟಿಕ್ ಬಾಲವೇ ಸುರಕ್ಷಿತ.

ಹೆಜ್ಜೆ 3: ಕಟ್ಟುವ ಸಾಮಾನು

ನೋಟಿನ ಕಟ್ಟಿಗೆ ಹಾಕುವ ಬರಿಯ ರಬ್ಬರ್ ಬ್ಯಾಂಡನ್ನು ಕೂದಲಿಗೆ ಹಾಕಬಾರದು. ಬಿಚ್ಚುವಾಗ ಎಳೆಗಳು ಅದರ ಜೊತೆಯಲ್ಲೇ ಬರುತ್ತವೆ. ಮೇಲೆ ಬಟ್ಟೆ ಅಥವಾ ನೂಲು ಹೊದೆಸಿದ, ಜೋಡಣೆಯ ಜಾಗದಲ್ಲಿ ಲೋಹದ ಪಟ್ಟಿಯಿಲ್ಲದ ಬ್ಯಾಂಡನ್ನು ಆರಿಸಬೇಕು. ಸಣ್ಣ ಸಣ್ಣ ಜಡೆಗಳ ತುದಿಗೆ ಹಾಕುವ ಪಾರದರ್ಶಕ ಪುಟ್ಟ ಬ್ಯಾಂಡುಗಳು ಒಮ್ಮೆ ಬಳಸಿ ಬಿಸಾಡುವಂಥವು. ಅವನ್ನು ಎಳೆದು ತೆಗೆಯದೆ ಸಣ್ಣ ಕತ್ತರಿಯಿಂದ ಕತ್ತರಿಸಿ ತೆಗೆಯಬೇಕು. ಎಣ್ಣೆ ತಾಗಿದ ರಬ್ಬರ್ ಬೇಗ ಮೆದುವಾಗಿ ಅಂಟತೊಡಗುತ್ತದೆ. ದಿನಾ ಎಣ್ಣೆ ಹಚ್ಚುವ ಮನೆಗಳಲ್ಲಿ ಬ್ಯಾಂಡು ಆಗಾಗ ಬದಲಾಯಿಸಬೇಕಾಗುವುದು ಇದೇ ಕಾರಣಕ್ಕೆ.

ಶಾಲೆಯ ಟೇಪು ಕೊಳ್ಳುವಾಗ ಬಣ್ಣವನ್ನು ಶಾಲೆಯವರೇ ಹೇಳಿರುತ್ತಾರೆ, ನೋಡಬೇಕಾದ್ದು ಬಟ್ಟೆಯನ್ನು. ಹೊಳೆಯುವ ಸ್ಯಾಟಿನ್ ಟೇಪು ಚೆಂದ, ಆದರೆ ಗಂಟು ಜಾರುತ್ತದೆ. ಮಧ್ಯಾಹ್ನದ ಊಟದ ಹೊತ್ತಿಗೆ ಮಗುವಿನ ಒಂದು ಜಡೆ ಬಿಚ್ಚಿಹೋಗಿರುತ್ತದೆ. ಒರಟು ನೇಯ್ಗೆಯ ನೈಲಾನ್ ಅಥವಾ ಹತ್ತಿಯ ಟೇಪು ಗಂಟು ಹಿಡಿದಿಡುತ್ತದೆ. ಒಂದೊಂದು ಜಡೆಗೆ ಒಂದು ಮೀಟರ್ ಇದ್ದರೆ ಮಡಚಿ ಕಟ್ಟಿ ಹೂವು ಮಾಡಲು ಸಾಕಾಗುತ್ತದೆ. ಟೇಪನ್ನು ಕೊನೆಗೆ ಸುತ್ತುವುದಕ್ಕಿಂತ, ಜಡೆ ಅರ್ಧ ಇಳಿದಾಗಲೇ ಒಂದು ಎಳೆಯ ಜೊತೆ ಸೇರಿಸಿ ಹೆಣೆದುಕೊಂಡು ಹೋದರೆ ಅದು ಜಾರುವ ಮಾತೇ ಇಲ್ಲ.

ಪಿನ್ನುಗಳಲ್ಲಿ ಎರಡು ಜಾತಿ. ಒಂದು ಕಡೆ ಅಲೆಯಲೆಯಾಗಿರುವ ಹೇರ್‌ಪಿನ್ನು ಕೂದಲನ್ನು ತಲೆಗೆ ಒತ್ತಿ ಹಿಡಿಯಲು; ಅಲೆಯಿರುವ ಬದಿ ನೆತ್ತಿಯ ಕಡೆ ಬರಬೇಕು ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಇನ್ನೊಂದು ಯು ಪಿನ್ನು, ತುರುಬು ಮತ್ತು ಹೂವನ್ನು ನಿಲ್ಲಿಸಲು. ಕೊಳ್ಳುವಾಗ ಒಂದು ಹೇರ್‌ಪಿನ್ನನ್ನು ಅಗಲಿಸಿ ಬಿಟ್ಟು ನೋಡಿ: ಬಾಯಿ ಮತ್ತೆ ಪೂರ್ತಿ ಕೂಡಿಕೊಂಡರೆ ಒಳ್ಳೆಯದು, ತೆರೆದೇ ಉಳಿದರೆ ಬೇಡ. ತುದಿಯ ಪ್ಲಾಸ್ಟಿಕ್ ಗುಂಡು ಉದುರಿದ ಪಿನ್ನನ್ನು ಎಸೆದುಬಿಡಬೇಕು, ಅದು ನೆತ್ತಿಯನ್ನು ಗೀರುತ್ತದೆ.

ಹೆಜ್ಜೆ 4: ಎಣ್ಣೆ, ಜೆಲ್, ಸ್ಪ್ರೇ: ಕಡಿಮೆಯಷ್ಟೂ ಒಳ್ಳೆಯದು

ಆರಂಭಿಕರ ಹಣ ಹೆಚ್ಚು ಪೋಲಾಗುವುದು ಇಲ್ಲಿ. ಒಂದು ಸ್ಪ್ರೇ ಬಾಟಲಿಯಲ್ಲಿ ನೀರು, ಮನೆಯಲ್ಲಿರುವ ಕೊಬ್ಬರಿ ಎಣ್ಣೆ, ಒಂದು ಸಣ್ಣ ಡಬ್ಬಿ ಜೆಲ್, ಇಷ್ಟರಲ್ಲೇ ವರ್ಷ ಕಳೆಯಬಹುದು.

ಕೊಬ್ಬರಿ ಎಣ್ಣೆಯ ವಿಷಯದಲ್ಲಿ ಅಜ್ಜಿಯರ ನಂಬಿಕೆಗೆ ಆಧಾರವಿದೆ. ಖನಿಜ ತೈಲ ಮತ್ತು ಸೂರ್ಯಕಾಂತಿ ಎಣ್ಣೆಗೆ ಹೋಲಿಸಿದರೆ ಕೊಬ್ಬರಿ ಎಣ್ಣೆ ಮಾತ್ರ ಕೂದಲಿನ ಪ್ರೋಟೀನ್ ನಷ್ಟವನ್ನು ಗಮನಾರ್ಹವಾಗಿ ತಗ್ಗಿಸುತ್ತದೆಂದು 2003ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನವೊಂದು ತೋರಿಸಿತು. ಅದನ್ನು ನಡೆಸಿದವರು ಎಣ್ಣೆ ಮಾರುವ ಕಂಪನಿಯ ಸಂಶೋಧಕರೇ ಎಂಬುದನ್ನೂ ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಆದರೆ ಎಣ್ಣೆ ಕೂದಲಿಗೆ ಹಿತವೆಂದ ಮಾತ್ರಕ್ಕೆ ಜಡೆಗೂ ಹಿತವೆಂದಲ್ಲ. ದಿನನಿತ್ಯದ ಮೂರೆಳೆ ಜಡೆಗೆ ಎರಡು ಹನಿ ಎಣ್ಣೆ ಹೊಳಪು ಕೊಟ್ಟು ಹಾರುವ ಎಳೆಗಳನ್ನು ಕೂರಿಸುತ್ತದೆ. ಚೌರಿ ಹಾಕುವ ದಿನ ಅದೇ ಎಣ್ಣೆ ಚೌರಿಯನ್ನು ಜಾರಿಸುತ್ತದೆ. ಈಗತಾನೆ ತೊಳೆದು ಒಣಗಿಸಿದ ಕೂದಲೂ ಜಾರುತ್ತದೆ. ಅದಕ್ಕೇ ನೃತ್ಯದ ಅಥವಾ ಮದುವೆಯ ಜಡೆಗೆ ಹಿಂದಿನ ದಿನ ತಲೆಸ್ನಾನ ಮಾಡಿಸಿಡುವುದು ವಾಡಿಕೆ. ಒದ್ದೆ ಕೂದಲನ್ನಂತೂ ಬಿಗಿಯಾಗಿ ಹೆಣೆಯಲೇಬಾರದು; ನೀರು ಕುಡಿದ ಕೂದಲು ಸುಲಭವಾಗಿ ಹಿಗ್ಗಿ ತುಂಡಾಗುತ್ತದೆ, ಮುಗ್ಗಲು ವಾಸನೆಯೂ ಸೇರಿಕೊಳ್ಳುತ್ತದೆ.

ಜೆಲ್ಲನ್ನು ಬಟಾಣಿ ಕಾಳಿನಷ್ಟು ತೆಗೆದುಕೊಂಡು ಅಂಗೈಯಲ್ಲಿ ಸವರಿ, ಬೈತಲೆಯ ಎರಡೂ ಬದಿಗೆ ಮತ್ತು ಹಣೆಯ ಅಂಚಿನ ಮರಿಗೂದಲಿಗೆ ಮಾತ್ರ ಹಚ್ಚಬೇಕು. ಹೆಚ್ಚಾದರೆ ಒಣಗಿದ ಮೇಲೆ ಹೊಟ್ಟಿನಂತೆ ಬಿಳಿ ಪುಡಿ ಉದುರುತ್ತದೆ; ಎಣ್ಣೆಯ ಮೇಲೆ ಹಚ್ಚಿದರೆ ಹಿಡಿಯುವುದೇ ಇಲ್ಲ. ಸಿಲಿಕೋನ್ ಇರುವ ಸೀರಮ್ ಒರಟು ಕೂದಲಿನವರಿಗೆ ಸಿಕ್ಕು ಬಿಡಿಸಲು ಉಪಯುಕ್ತ, ನವಿರು ಕೂದಲಿನವರಿಗೆ ಅನಗತ್ಯ.

ಹೇರ್ ಸ್ಪ್ರೇ ಕೊಳ್ಳಲೇಬೇಕೆಂದಿದ್ದರೆ ಒಂದು ಎಚ್ಚರಿಕೆ. ಏರೋಸಾಲ್ ಡಬ್ಬಿಯಲ್ಲಿರುವುದು ಬೇಗ ಬೆಂಕಿ ಹಿಡಿಯುವ ಆಲ್ಕೋಹಾಲ್ ಮತ್ತು ಅನಿಲ. ರಂಗದ ಮೇಲೆ ದೀಪ ಹಚ್ಚುವ ನರ್ತಕಿಗೂ, ಆರತಿಯ ಮುಂದೆ ಕೂರುವ ಮದುಮಗಳಿಗೂ ಸ್ಪ್ರೇ ಹೊಡೆದ ಕೂಡಲೇ ಹತ್ತಿರಕ್ಕೆ ಬೆಂಕಿ ತರಬಾರದು. ಪೂರ್ತಿ ಒಣಗಲು ಬಿಡಬೇಕು.

ಯಾವುದೇ ಡಬ್ಬಿಯ ಹಿಂಭಾಗದಲ್ಲಿ ಬ್ಯಾಚ್ ಸಂಖ್ಯೆ, ತಯಾರಕರ ಲೈಸೆನ್ಸ್ ಸಂಖ್ಯೆ, ಘಟಕಗಳ ಪಟ್ಟಿ, ಬಳಕೆಯ ಕೊನೆಯ ದಿನಾಂಕ ಇವೆಯೇ ನೋಡಿ. 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಇವು ಇರಲೇಬೇಕು. ಹೊಸ ವಸ್ತುವನ್ನು ಕಿವಿಯ ಹಿಂದೆ ಸ್ವಲ್ಪ ಹಚ್ಚಿ ಒಂದೆರಡು ದಿನ ಕಾದು, ತುರಿಕೆಯಾಗದಿದ್ದರೆ ಮಾತ್ರ ತಲೆಗೆ ಬಳಸಬೇಕು.

ಹೆಜ್ಜೆ 5: ಚೌರಿ

ಮೊದಲ ಚೌರಿ ತಲೆಗಲ್ಲ, ಕೈಗೆ. ಅತಿ ಕಡಿಮೆ ಬೆಲೆಯ ನೈಲಾನ್ ಚೌರಿಯೊಂದನ್ನು ತಂದು ಕಿಟಕಿಯ ಸರಳಿಗೆ ಕಟ್ಟಿ, ಮೂರೆಳೆ, ನಾಲ್ಕೆಳೆ, ಐದೆಳೆ ಜಡೆಗಳನ್ನು ಹೆಣೆದು ಬಿಚ್ಚಿ ಅಭ್ಯಾಸ ಮಾಡಬೇಕು. ಪಾರ್ಲರ್ ತರಬೇತಿಗೆ ಮಾರುವ ಗೊಂಬೆತಲೆಗೆ ತೆರುವ ಹಣದ ಸಣ್ಣ ಪಾಲಿನಲ್ಲಿ ಇದು ಮುಗಿಯುತ್ತದೆ, ಕಿಟಕಿ ಅಲ್ಲಾಡುವುದಿಲ್ಲ, ‘ನೋಯ್ತು’ ಎಂದು ಅಳುವುದೂ ಇಲ್ಲ. ಹೀಗೆ ಜಡೆಯ ಬಿಗಿ ಮೇಲಿಂದ ಕೆಳಗೆ ಒಂದೇ ಸಮನೆ ಬರತೊಡಗಿದ ಮೇಲೆ ನಿಜವಾದ ಚೌರಿಗೆ ಹೋಗಬಹುದು.

ಅಂಗಡಿಯಲ್ಲಿ ‘ಒರಿಜಿನಲ್ ಹೇರ್’ ಎಂದು ತೋರಿಸುವುದೆಲ್ಲ ಮನುಷ್ಯರ ಕೂದಲಲ್ಲ. ಪಾಲಿಯೆಸ್ಟರ್, ನೈಲಾನ್ ಎಳೆಗಳಿಗೂ ಈಗ ಒಳ್ಳೆಯ ಹೊಳಪು ಕೊಡುತ್ತಾರೆ. ಅನುಮಾನವಿದ್ದರೆ ಎರಡು ಮೂರು ಎಳೆ ಕೊಡಲು ಕೇಳಿ, ಅಂಗಡಿಯ ಹೊರಗೆ ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಮನುಷ್ಯರ ಕೂದಲು ಚುರುಟಿಕೊಂಡು ಉರಿದು, ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಬೂದಿ ಉಳಿಸುತ್ತದೆ. ಸುಟ್ಟ ರೆಕ್ಕೆಪುಕ್ಕದ ವಾಸನೆ ಬರುತ್ತದೆ. ಕೃತಕ ಎಳೆ ಕರಗಿ ತುದಿಯಲ್ಲಿ ಗಟ್ಟಿ ಗುಂಡಾಗುತ್ತದೆ, ಪ್ಲಾಸ್ಟಿಕ್ ವಾಸನೆ ಬರುತ್ತದೆ.

ಮನುಷ್ಯರ ಕೂದಲಿನಲ್ಲೂ ದರ್ಜೆಗಳಿವೆ. ಪ್ರತಿ ಎಳೆಯ ಹೊರಮೈಯಲ್ಲಿ ಮೀನಿನ ಹುರುಪೆಯಂಥ ಪದರಗಳು ಬುಡದಿಂದ ತುದಿಯ ಕಡೆಗೆ ಮುಖ ಮಾಡಿರುತ್ತವೆ. ತಿರುಮಲದ ಕಲ್ಯಾಣಕಟ್ಟೆಯಲ್ಲಿ ಮುಡಿ ಕೊಟ್ಟ ಕೂದಲನ್ನು ಕಟ್ಟಾಗಿ ತೆಗೆಯುವುದರಿಂದ ಎಲ್ಲ ಎಳೆಗಳೂ ಒಂದೇ ದಿಕ್ಕಿಗೆ ಇರುವಂತೆ ಉಳಿಸಿಕೊಳ್ಳಬಹುದು. ದೇವಸ್ಥಾನ ಇದನ್ನು ಹರಾಜಿನಲ್ಲಿ ಮಾರುತ್ತದೆ, ವ್ಯಾಪಾರದಲ್ಲಿ ಇದನ್ನು ರೆಮಿ ಕೂದಲು ಎನ್ನುತ್ತಾರೆ, ಹೆಚ್ಚಿನ ಪಾಲು ವಿದೇಶಕ್ಕೆ ಹೋಗುತ್ತದೆ. ಇನ್ನೊಂದು ಮೂಲ, ಬಾಚುವಾಗ ಉದುರಿದ ಕೂದಲು. ಪಾತ್ರೆ, ಪಿನ್ನು ಕೊಟ್ಟು ಬದಲಿಗೆ ಮನೆಮನೆಯಿಂದ ಸಂಗ್ರಹಿಸುವ ಈ ಉಂಡೆಗೂದಲನ್ನು ಬಿಡಿಸಿ, ಉದ್ದಕ್ಕೆ ತಕ್ಕಂತೆ ವಿಂಗಡಿಸುವ ಕೆಲಸಕ್ಕೆ ನಮ್ಮಲ್ಲಿ ಹೆಸರಾದದ್ದು ಕೊಪ್ಪಳದ ಭಾಗ್ಯನಗರ. ಇದರಲ್ಲಿ ಬುಡ ತುದಿಗಳು ಬೆರೆತಿರುವುದರಿಂದ ಪದರಗಳು ಒಂದಕ್ಕೊಂದು ತಗುಲಿ ಸಿಕ್ಕಾಗುತ್ತವೆ. ಅದನ್ನು ತಪ್ಪಿಸಲು ತಯಾರಕರು ಆಮ್ಲದಿಂದ ಪದರ ಕಳೆದು ಸಿಲಿಕೋನ್ ಲೇಪ ಕೊಡುವುದುಂಟು. ಲೇಪವಿರುವವರೆಗೆ ಹೊಳೆಯುತ್ತದೆ, ಕೆಲವು ಸಲ ತೊಳೆದ ಮೇಲೆ ಒಣಹುಲ್ಲಾಗುತ್ತದೆ. ಚೌರಿಯ ಕೆಲವು ಎಳೆಗಳನ್ನು ಹಿಡಿದು ಮೇಲಿಂದ ಕೆಳಗೆ, ಆಮೇಲೆ ಕೆಳಗಿಂದ ಮೇಲಕ್ಕೆ ಬೆರಳು ಜಾರಿಸಿ: ಕೆಳಗಿಂದ ಬರುವಾಗ ಮಾತ್ರ ತುಸು ಒರಟೆನಿಸಿದರೆ ಅದು ಒಳ್ಳೆಯ ಸೂಚನೆ. ಎರಡೂ ಕಡೆ ಗಾಜಿನಂತೆ ನುಣುಪಾಗಿದ್ದರೆ ಲೇಪವೆಂದು ತಿಳಿಯಿರಿ.

ನನ್ನ ಅಭಿಪ್ರಾಯದಲ್ಲಿ ವರ್ಷಕ್ಕೆ ಒಂದೆರಡು ಬಾರಿ ಕಾರ್ಯಕ್ರಮಕ್ಕೆ ಹಾಕುವವರಿಗೆ ಮನುಷ್ಯರ ಕೂದಲಿನ ಚೌರಿ ದುಂದು. ಹೊಳಪು ಅತಿಯಾಗದ ಪಾಲಿಯೆಸ್ಟರ್ ಚೌರಿ ಹಗುರವಾಗಿರುತ್ತದೆ, ಜಡೆಬಿಲ್ಲೆ ಮುಚ್ಚಿದ ಮೇಲೆ ಯಾರಿಗೂ ವ್ಯತ್ಯಾಸ ಕಾಣುವುದಿಲ್ಲ. ಜಡೆ ಬರಿದಾಗಿ ಕಾಣುವಂತೆ ಪ್ರತಿದಿನ ಹಾಕುವವರಿಗೆ ಮಾತ್ರ ಆ ಖರ್ಚು ಸಾರ್ಥಕ.

ಇನ್ನು ಆರಿಸುವಾಗ ನೋಡಬೇಕಾದ ಸಂಗತಿಗಳು. ಬಣ್ಣವನ್ನು ಟ್ಯೂಬ್‌ಲೈಟಿನ ಕೆಳಗೆ ನೋಡದೆ ಅಂಗಡಿಯ ಬಾಗಿಲಿಗೆ ತಂದು ಬಿಸಿಲಿನಲ್ಲಿ ಸ್ವಂತ ಕೂದಲಿನ ಪಕ್ಕ ಹಿಡಿಯಬೇಕು. ನಮ್ಮ ಕಪ್ಪು ಕೂದಲು ಬಿಸಿಲಿನಲ್ಲಿ ಸಾಮಾನ್ಯವಾಗಿ ಕಂದಾಗಿ ಕಾಣುತ್ತದೆ, ಅಚ್ಚ ಕಪ್ಪು ಚೌರಿ ಅಲ್ಲಿ ಎದ್ದು ತೋರುತ್ತದೆ. ಬಿಳಿ ಕರವಸ್ತ್ರವನ್ನು ಒದ್ದೆ ಮಾಡಿ ಚೌರಿಯನ್ನು ಒರೆಸಿದಾಗ ಕಪ್ಪು ಹತ್ತಿದರೆ ಬೇಡ. ಬೆವರಿಗೆ ಅದೇ ಬಣ್ಣ ಕುಪ್ಪಸದ ಬೆನ್ನಿಗೆ ಇಳಿಯುತ್ತದೆ. ಮೇಲ್ತುದಿ ಮೂರು ಎಳೆಗಳಾಗಿ ಬಿಡಿಯಾಗಿರುವ ಚೌರಿ ಕಲಿಯುವವರಿಗೆ ಸುಲಭ, ಏಕೆಂದರೆ ಸ್ವಂತ ಕೂದಲಿನ ಮೂರು ಪಾಲಿಗೆ ಒಂದೊಂದನ್ನು ಸೇರಿಸಿ ಹೆಣೆದರೆ ಭಾರ ಹಂಚಿಹೋಗುತ್ತದೆ. ಕ್ಲಿಪ್ಪಿನದು ಬೇಗ ಕೂರುತ್ತದೆಯಾದರೂ ತೂಕವೆಲ್ಲ ಒಂದೇ ಹಿಡಿ ಕೂದಲಿನ ಮೇಲೆ ಬೀಳುತ್ತದೆ. ಹಾಕಿ ಹತ್ತು ನಿಮಿಷ ತಲೆ ಆಡಿಸಿ ನೋಡಿದಾಗ ನೆತ್ತಿ ನೋಯುತ್ತಿದ್ದರೆ, ಎಷ್ಟೇ ಚೆಂದವಿರಲಿ, ಅದು ನಿಮ್ಮ ತಲೆಗೆ ಭಾರ.

ಬಣ್ಣಬಣ್ಣದ ಎಳೆ ಸೇರಿಸಿ ಆಫ್ರಿಕನ್ ಶೈಲಿಯ ಸಣ್ಣ ಜಡೆಗಳನ್ನು ಹಾಕಿಕೊಳ್ಳಬಯಸುವ ಕಾಲೇಜು ಮಕ್ಕಳು ಆನ್‌ಲೈನಿನಲ್ಲಿ ‘ಜಂಬೋ ಬ್ರೇಡ್’ ಎಂದು ಹುಡುಕುತ್ತಾರೆ. ಇವುಗಳಲ್ಲಿ ಹೆಸರಾದ ಎಳೆ ಜಪಾನಿನ ಕನೇಕಾ ಕಂಪನಿಯ ಕನೇಕಲಾನ್. ಹೆಣೆದ ಮೇಲೆ ಜಡೆಯ ತುದಿಯನ್ನು ಮಾತ್ರ ಬಿಸಿನೀರಿನಲ್ಲಿ ಅದ್ದಿ ಕೂರಿಸುವುದು ಇದರ ಕ್ರಮ. ಆ ಕೆಲಸ ಇನ್ನೊಬ್ಬರ ಸಹಾಯವಿಲ್ಲದೆ ಬೇಡ, ಬೆನ್ನು ಸುಟ್ಟೀತು. ಕೆಲವರಿಗೆ ಹೊಸ ಎಳೆ ಕಡಿತ ತರುವುದರಿಂದ ಬಳಕೆಗೆ ಮುನ್ನ ತೊಳೆದು ಒಣಗಿಸಿಕೊಳ್ಳಬೇಕು.

ಹೆಜ್ಜೆ 6: ಬಿಲ್ಲೆ, ಕುಚ್ಚು, ರಾಗಟೆ

ಜಡೆಯ ಉದ್ದಕ್ಕೆ ಕಟ್ಟುವ ಬಿಲ್ಲೆ, ತುದಿಗೆ ಕಟ್ಟುವ ಕುಚ್ಚು, ತಲೆಯ ಹಿಂಭಾಗಕ್ಕೆ ಮುಡಿಸುವ ರಾಗಟೆ, ಇವನ್ನು ಮೊದಲ ವರ್ಷ ಬಾಡಿಗೆಗೆ ತರುವುದೇ ಲೇಸು. ಕೊಳ್ಳುವುದಾದರೆ ಮುಂಭಾಗದ ಕೆಂಪು ಕಲ್ಲಿಗಿಂತ ಹಿಂಭಾಗವನ್ನು ನೋಡಿ: ದಾರ ಪೋಣಿಸುವ ಕೊಂಡಿಗಳು ಗಟ್ಟಿಯಾಗಿ ಬೆಸೆದಿರಬೇಕು, ಅಂಚುಗಳು ಕೂದಲಿಗೆ ಸಿಕ್ಕಿಕೊಳ್ಳಬಾರದು. ಜಡೆಬಿಲ್ಲೆಗಳ ಸರವನ್ನು ಚೌರಿಯ ಪಕ್ಕದಲ್ಲಿಟ್ಟು ಉದ್ದ ಹೊಂದಿಸಿಯೇ ಕೊಳ್ಳಬೇಕು, ಬೇರೆ ಬೇರೆ ದಿನ ತಂದರೆ ಹೊಂದುವುದಿಲ್ಲ. ಬಾಡಿಗೆಯ ಚೌರಿ, ಕುಚ್ಚುಗಳಲ್ಲಿ ಹೇನಿನ ಭಯವಿದ್ದರೆ, ತಲೆಯಿಂದ ದೂರವಾದ ಹೇನು ಒಂದೆರಡು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ ಎಂಬುದು ನೆನಪಿರಲಿ. ಸಮಯವಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಮುಚ್ಚಿ ಎರಡು ವಾರ ಇಟ್ಟರೆ ಸೀರೂ ಉಳಿಯುವುದಿಲ್ಲ.

ಹೆಜ್ಜೆ 7: ಮೊಗ್ಗಿನ ಜಡೆಗೆ ಕೈ ಹಾಕುವುದಾದರೆ

ಇದು ಹೆಣೆಯುವ ಕೆಲಸಕ್ಕಿಂತ ಹೊಲಿಯುವ ಕೆಲಸ. ಬೇಕಾದ್ದು ಉದ್ದ ಸೂಜಿ, ಗಟ್ಟಿ ದಾರ, ಮೊಗ್ಗುಗಳನ್ನು ಸಾಲಾಗಿ ಹೊಲಿಯಲು ಬಟ್ಟೆ ಅಥವಾ ಬಾಳೆಪಟ್ಟೆಯ ಪಟ್ಟಿ, ನಡುವೆ ಬಣ್ಣಕ್ಕೆ ಕನಕಾಂಬರ, ಹಸಿರಿಗೆ ಮರುಗ. ಮೈಸೂರು ಮಲ್ಲಿಗೆಗೆ ಪರಿಮಳ ಹೆಚ್ಚು, ಅದರ ಭರಾಟೆ ಬೇಸಿಗೆಯಲ್ಲಿ. ಕಾಕಡಕ್ಕೆ ಪರಿಮಳ ಕಡಿಮೆ, ಆದರೆ ಮಲ್ಲಿಗೆ ಸಿಗದ ಚಳಿಗಾಲದಲ್ಲಿ ಅದೇ ಗತಿ. ಕರಾವಳಿಯಲ್ಲಿ ಶಂಕರಪುರದ ಮಲ್ಲಿಗೆ ಚೆಂಡು, ಅಟ್ಟೆ ಎಂಬ ಅಳತೆಗಳ ಲೆಕ್ಕದಲ್ಲಿ ಕಟ್ಟಿದ ಹೂವಾಗಿ ಬರುವುದರಿಂದ, ಹೊಲಿಯಲು ಬಿಡಿ ಮೊಗ್ಗು ಬೇಕೆಂದು ಮೊದಲೇ ಹೇಳಿಡಬೇಕು.

ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಲ್ಲಾಗಲಿ ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಾಗಲಿ ಬೆಳಗ್ಗೆಯೇ ಹೋಗಿ, ಬಿಳಿಯಾಗಿ ತುಂಬಿಕೊಂಡಿದ್ದರೂ ಬಾಯಿ ಬಿಡದ ಮೊಗ್ಗುಗಳನ್ನು ಆರಿಸಿ. ಹಸಿರು ಛಾಯೆ ಉಳಿದಿರುವ ಎಳೆ ಮೊಗ್ಗು ಅರಳದೆ ಬಾಡುತ್ತದೆ. ತಂದ ಕೂಡಲೇ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂಪಿನಲ್ಲಿಡಬೇಕು. ನೀರು ಸುರಿಯಬಾರದು, ಕಲೆ ಬೀಳುತ್ತದೆ. ಮೊದಲ ಪ್ರಯತ್ನಕ್ಕೆ ಪೂರ್ತಿ ಜಡೆಯ ಬದಲು ತುರುಬಿನ ಸುತ್ತ ಕೂರುವ ಚಿಕ್ಕ ಪಟ್ಟಿಯೊಂದನ್ನು ಹೊಲಿಯುವುದು ಸಾಕು. ಪೂರ್ತಿ ಜಡೆಗೆ ಬೇಕಾಗುವ ಮೊಗ್ಗಿನ ಅಂದಾಜು ಆ ಪಟ್ಟಿಯಿಂದಲೇ ಸಿಗುತ್ತದೆ: ಒಂದು ಗೇಣಿಗೆ ಎಷ್ಟು ಹಿಡಿಯಿತೆಂದು ಎಣಿಸಿಕೊಂಡು, ಚೌರಿಯ ಉದ್ದಕ್ಕೆ ಗುಣಿಸಿ, ಮುರಿಯುವ ಮೊಗ್ಗುಗಳಿಗೆಂದು ಸ್ವಲ್ಪ ಹೆಚ್ಚು ಸೇರಿಸಿದರೆ ಹೂವಿನವರಿಗೆ ಹೇಳುವ ಲೆಕ್ಕ ಸಿದ್ಧ.

ಕೊಂಡದ್ದನ್ನು ಉಳಿಸಿಕೊಳ್ಳುವುದು

ಬಳಸಿದ ಚೌರಿಯನ್ನು ಕೆಳತುದಿಯಿಂದ ಮೇಲಕ್ಕೆ ಅಗಲ ಹಲ್ಲಿನ ಬಾಚಣಿಗೆಯಿಂದ ಬಿಡಿಸಿ, ಬೆವರು ಹಿಡಿದಿದ್ದರೆ ತಣ್ಣೀರು ಮತ್ತು ಸ್ವಲ್ಪ ಶಾಂಪೂವಿನಲ್ಲಿ ಅದ್ದಿ ತೆಗೆದು, ಹಿಂಡದೆ ಟವೆಲ್ಲಿನಲ್ಲಿ ಒತ್ತಿ, ನೆರಳಿನಲ್ಲಿ ತೂಗುಹಾಕಿ ಒಣಗಿಸಬೇಕು. ಪೂರ್ತಿ ಒಣಗಿದ ಮೇಲೆ ಸಡಿಲವಾಗಿ ಒಂದು ಜಡೆ ಹೆಣೆದು ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಬಾಚಣಿಗೆಗಳನ್ನು ವಾರಕ್ಕೊಮ್ಮೆ ಸೋಪಿನ ನೀರಿನಲ್ಲಿ ತೊಳೆಯಿರಿ, ಮರದ್ದನ್ನು ಮಾತ್ರ ಒದ್ದೆ ಬಟ್ಟೆಯಿಂದ ಒರೆಸಿ ಒಂದು ಹನಿ ಎಣ್ಣೆ ಸವರಿಡಿ. ಹಲ್ಲು ಮುರಿದ ಬಾಚಣಿಗೆ, ಸಡಿಲವಾದ ಪಿನ್ನು, ಅಂಟುವ ಬ್ಯಾಂಡು ಇವುಗಳನ್ನು ‘ಇನ್ನೊಂದು ಸಲ ಆಗುತ್ತೆ’ ಎಂದು ಡಬ್ಬಿಗೆ ಮರಳಿ ಹಾಕದೆ ಅಂದೇ ತೆಗೆದುಹಾಕಿ.